3+2 ಬ್ಲಿಟ್ಜ್: ಕೈ, ಕ್ಲಾಕ್, ಕಾನೂನು

ತೀರ್ಥಹಳ್ಳಿಯಿಂದಲೋ ಸಾಗರದಿಂದಲೋ ಬೆಳಗಿನ ಬಸ್ ಹಿಡಿದು ಶಿವಮೊಗ್ಗದ ಬ್ಲಿಟ್ಜ್ (ಅತಿವೇಗದ ಚೆಸ್) ಟೂರ್ನಿಗೆ ಬರುವ ಮಕ್ಕಳಲ್ಲಿ ಆಟ ಬಾರದವರು ಈಗ ಕಡಿಮೆ. ಫೋನಿನಲ್ಲಿ ಸಾವಿರಗಟ್ಟಲೆ ಆಡಿರುತ್ತಾರೆ. ಓಪನಿಂಗ್ ಬಾಯಿಪಾಠ ಇರುತ್ತದೆ. ಆದರೂ ಮೊದಲ ಮೂರು ರೌಂಡಿನಲ್ಲಿ ಎರಡು ಕಳೆದುಕೊಂಡು ಗೋಡೆಗೆ ಒರಗಿ ಕೂತಿರುತ್ತಾರೆ. ಏನಾಯ್ತು ಎಂದು ಕೇಳಿದರೆ ಉತ್ತರ ಎರಡೇ: "ಟೈಮ್ ಹೋಯ್ತು", "ಇಲ್ಲೀಗಲ್ ಆಯ್ತು". ಫೋನಿನಲ್ಲಿ ಕ್ಲಾಕ್ ತನ್ನಷ್ಟಕ್ಕೆ ಒತ್ತಿಕೊಳ್ಳುತ್ತದೆ, ಕಾಯಿ ಸರಿಯಾದ ಮನೆಯ ನಟ್ಟನಡುವೆ ಕೂರುತ್ತದೆ, ನಿಯಮ ಮೀರಿದ ನಡೆಯನ್ನು ಆ್ಯಪ್ ಒಪ್ಪುವುದೇ ಇಲ್ಲ. ಬೋರ್ಡಿನ ಮುಂದೆ ಕೂತಾಗ ಈ ಮೂರೂ ಕೆಲಸ ನಿಮ್ಮ ಕೈಗೆ ಬೀಳುತ್ತವೆ. ಆ ಕೈಯನ್ನು ಪಳಗಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ. ಯಾವ ಓಪನಿಂಗ್ ಆಡಬೇಕು ಎಂಬುದಕ್ಕೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ಮೊದಲು ಲೆಕ್ಕ

ಕೊಟ್ಟ ಸಮಯಕ್ಕೆ ಇನ್‌ಕ್ರಿಮೆಂಟಿನ (ಪ್ರತಿ ನಡೆಗೂ ಸೇರುವ ಸೆಕೆಂಡಿನ) 60 ಪಟ್ಟು ಸೇರಿಸಿ. ಒಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಬಂದರೆ ಫಿಡೆ (ವಿಶ್ವ ಚೆಸ್ ಸಂಸ್ಥೆ) ಲೆಕ್ಕದಲ್ಲಿ ಅದು ಬ್ಲಿಟ್ಜ್. 3+2 ಎಂದರೆ ಕೈಯಲ್ಲಿ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್. 60 ನಡೆಗೆ 120 ಸೆಕೆಂಡ್ ಸೇರಿ ಒಟ್ಟು 5 ನಿಮಿಷ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ಪಿನಲ್ಲೂ ಇದೇ ಕ್ಲಾಕ್. 2024ರಲ್ಲಿ ನ್ಯೂಯಾರ್ಕಿನಲ್ಲಿ ಓಪನ್ ವಿಭಾಗದವರು 13 ಸ್ವಿಸ್ ರೌಂಡ್ (ಅಂಕ ಸರಿಸಮ ಇದ್ದವರನ್ನು ಎದುರುಬದುರು ಕೂರಿಸುವ ಪದ್ಧತಿ), ಮಹಿಳೆಯರು 11 ರೌಂಡ್ ಆಡಿ, ಮೇಲಿನ 8 ಮಂದಿ ನಾಕ್‌ಔಟ್‌ಗೆ ಹೋದರು. ಫೈನಲ್ಲಿನಲ್ಲಿ ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ 3.5–3.5ರಲ್ಲಿ ನಿಂತು ಪಟ್ಟ ಹಂಚಿಕೊಂಡರು, ಮಹಿಳೆಯರಲ್ಲಿ ನಮ್ಮ ವೈಶಾಲಿ ಕಂಚು ಗೆದ್ದರು. ಅವರ ಮುಂದಿದ್ದದ್ದೂ ಇದೇ 3 ನಿಮಿಷ, ಇದೇ 2 ಸೆಕೆಂಡ್. ಶಿವಮೊಗ್ಗದ ಕಲ್ಯಾಣ ಮಂಟಪದ ಟೇಬಲ್ಲಿಗೆ ಬೇರೆ ಸೆಕೆಂಡ್ ಇಲ್ಲ.

ಈ ಸಮಯವನ್ನು ಮನೆಖರ್ಚಿನ ಹಾಗೆ ಮೊದಲೇ ಹಂಚಿಟ್ಟುಕೊಳ್ಳಬೇಕು. ಸರಿಯಾಗಿ ಸೆಟ್ ಮಾಡಿದ ಡಿಜಿಟಲ್ ಕ್ಲಾಕ್ ಶುರುವಿನಲ್ಲಿ 3:02 ತೋರಿಸುತ್ತದೆ, ಮೊದಲ ನಡೆಯ 2 ಸೆಕೆಂಡ್ ಮುಂಗಡವಾಗಿ ಸೇರಿರುತ್ತದೆ. ಮೊದಲ 15 ನಡೆಗೆ ಸರಾಸರಿ 4 ಸೆಕೆಂಡಿನಂತೆ 60 ಸೆಕೆಂಡ್ ಖರ್ಚು, 30 ಸೆಕೆಂಡ್ ವಾಪಸ್: 15ನೇ ನಡೆ ಮುಗಿದಾಗ ಕ್ಲಾಕಿನಲ್ಲಿ 2:32 ಇರಬೇಕು. ಮುಂದಿನ 15 ನಡೆ ಆಟದ ಹೊಟ್ಟೆ. ಅಲ್ಲಿ ತಲಾ 8 ಸೆಕೆಂಡ್ ಕೊಡಿ. 120 ಹೋಯಿತು, 30 ಬಂತು, ಉಳಿದದ್ದು 1:02. ಅಲ್ಲಿಂದ ತಲಾ 4 ಸೆಕೆಂಡಿನಂತೆ ಇನ್ನೂ 25 ನಡೆ ಆಡಿದರೂ 55ನೇ ನಡೆಗೆ 12 ಸೆಕೆಂಡ್ ಉಳಿಯುತ್ತದೆ. ನಡೆ ಎಣಿಸುತ್ತಾ ಕೂರಲು ಯಾರಿಗೂ ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ನೆನಪಿಡಬೇಕಾದ ಗುರುತು ಎರಡು: ಕಾಯಿಗಳೆಲ್ಲ ಹೊರಬಂದು ಕ್ಯಾಸ್ಲಿಂಗ್ ಆದಾಗ ಎರಡೂವರೆ ನಿಮಿಷ, ರಾಣಿಗಳು ಹೋಗಿ ಎಂಡ್‌ಗೇಮ್ ಕಾಣಿಸುವಾಗ ಒಂದು ನಿಮಿಷ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. 12–13ನೇ ನಡೆಯ ಹೊತ್ತಿಗೆ ಎದುರಾಳಿ ಗೊತ್ತಿಲ್ಲದ್ದೇನೋ ಆಡುತ್ತಾನೆ. ಇವರು 40 ಸೆಕೆಂಡ್ ಯೋಚಿಸಿ ಕೊನೆಗೆ ಮೊದಲು ಹೊಳೆದ ನಡೆಯನ್ನೇ ಆಡುತ್ತಾರೆ. ಆ 40 ಸೆಕೆಂಡ್ ಎಂದರೆ ಕೊನೆಯಲ್ಲಿ 10 ನಡೆಯ ಸಮಯ. ಬ್ಲಿಟ್ಜ್‌ನಲ್ಲಿ ಒಂದು ನಡೆಗೆ 20 ಸೆಕೆಂಡ್ ಮೀರಿದರೆ ನಿಮ್ಮೊಳಗೇ ಒಂದು ಗಂಟೆ ಬಾರಿಸಬೇಕು. ಹಾಗೆ ಯೋಚಿಸುವ ಹಕ್ಕು ಒಂದು ಆಟಕ್ಕೆ ಎರಡು ಸಲ, ಅದೂ ಕಾಯಿ ಬಲಿ ಕೊಡುವ ಅಥವಾ ರಾಣಿ ಬದಲಾಯಿಸುವ ತಿರುವಿನಲ್ಲಿ ಮಾತ್ರ. ರಾಣಿ ಬದಲಾವಣೆಯನ್ನು ಯಾಕೆ ಸೇರಿಸಿದೆವೆಂದರೆ, ಆಮೇಲಿನ ಎಂಡ್‌ಗೇಮ್ ಗೆಲುವೋ ಸೋಲೋ ಅಲ್ಲೇ ತೀರ್ಮಾನವಾಗಿರುತ್ತದೆ. ಕೊನೆಯಲ್ಲಿ ಅದನ್ನು ಯೋಚಿಸಲು ಸಮಯ ಇರುವುದಿಲ್ಲ.

ಇನ್‌ಕ್ರಿಮೆಂಟ್ ಇಲ್ಲದ 5+0 ಟೂರ್ನಿಗಳೂ ಇರುತ್ತವೆ. ಅಲ್ಲಿ 300 ಸೆಕೆಂಡ್ ಮುಗಿದರೆ ಮುಗಿಯಿತು, ಗೆಲ್ಲುವ ಸ್ಥಾನದಲ್ಲೂ ಫ್ಲ್ಯಾಗ್ ಬೀಳುತ್ತದೆ. ಎದುರಾಳಿಗಿಂತ 20–30 ಸೆಕೆಂಡ್ ಮುಂದೆ ಇರುವುದು ಅಲ್ಲಿ ಒಂದು ಪಾನ್ (ಕಾಲಾಳು) ಹೆಚ್ಚಿರುವುದಕ್ಕಿಂತ ದೊಡ್ಡದು. 3+2ರಲ್ಲಿ ಹಾಗಿಲ್ಲ. ಕೈ ಚುರುಕಾಗಿದ್ದರೆ 5 ಸೆಕೆಂಡಿನಲ್ಲೂ ಆನೆಯಿಂದ ಮೇಟ್ ಮಾಡಬಹುದು.

ಕೈ

ಮಲೆನಾಡಿನಲ್ಲಿ ಅಡಿಕೆ ಸುಲಿಯುವವರನ್ನು ನೋಡಿದ್ದೀರಲ್ಲ. ಬಾಯಿ ಊರ ಸುದ್ದಿ ಮಾತಾಡುತ್ತಿರುತ್ತದೆ, ಮೆಟ್ಟುಗತ್ತಿಯ ಮೇಲೆ ಕೈ ತನ್ನ ಪಾಡಿಗೆ ಓಡುತ್ತಿರುತ್ತದೆ. ಕಾಯಿ ಎತ್ತಿ, ಇಟ್ಟು, ಕ್ಲಾಕ್ ಒತ್ತುವ ಚಲನೆ ಆ ಮಟ್ಟಕ್ಕೆ ಬರಬೇಕು. ಅದು ಒಂದೇ ಕೈಯ ಕೆಲಸ: ಯಾವ ಕೈಯಲ್ಲಿ ಕಾಯಿ ನಡೆಸಿದಿರೋ ಅದೇ ಕೈಯಲ್ಲಿ ಕ್ಲಾಕ್ ಒತ್ತಬೇಕು. ಇನ್ನೊಂದು ಕೈ ತೊಡೆಯ ಮೇಲಿರಲಿ. ಬೆರಳನ್ನು ಕ್ಲಾಕಿನ ಗುಂಡಿಯ ಮೇಲೆ ಇಟ್ಟುಕೊಂಡೇ ಕೂರುವುದು, ಅದರ ಮೇಲೆ ಕೈ ತೂಗಾಡಿಸುವುದು ನಿಯಮಕ್ಕೆ ವಿರುದ್ಧ.

ಕ್ಲಾಕ್ ಎಲ್ಲಿಡಬೇಕೆಂದು ಆರ್ಬಿಟರ್ (ತೀರ್ಪುಗಾರರು) ಹೇಳುತ್ತಾರೆ. ಸಾಮಾನ್ಯವಾಗಿ ಅದು ಕಪ್ಪಿನವರ ಬಲಕ್ಕೆ ಇರುತ್ತದೆ. ಅಂದರೆ ಬಿಳಿ ಕಾಯಿ ಬಂದಾಗ ಬಲಗೈಯವರಿಗೆ ಕ್ಲಾಕ್ ಎಡಕ್ಕೆ, ಬೋರ್ಡಿನ ಮೇಲಿಂದ ಕೈ ಹಾಯಿಸಬೇಕು. ಎಚ್ ಸಾಲಿನ ಆನೆ ಎತ್ತಿ ಹಾಗೇ ಎಡಕ್ಕೆ ಬೀಸಿದಾಗ ಅಂಗಿಯ ತೋಳು ನಡುವಿನ ಎರಡು ಪಾನನ್ನು ಉರುಳಿಸುತ್ತದೆ. ಕಾಯಿ ಬೀಳಿಸಿದವರು ತಮ್ಮ ಸಮಯದಲ್ಲೇ ಎತ್ತಿಡಬೇಕು; ಬೀಳಿಸಿ ಕ್ಲಾಕ್ ಒತ್ತಿದರೆ ಎದುರಾಳಿ ಕ್ಲಾಕ್ ನಿಲ್ಲಿಸಿ ಆರ್ಬಿಟರನ್ನು ಕರೆಯಬಹುದು. ಇದಕ್ಕೆ ಪರಿಹಾರ ಸರಳ. ಮಳೆಗಾಲದಲ್ಲೂ ತೋಳು ಮಡಚಿ ಕೂರಿ. ಸ್ವೆಟರ್, ಜರ್ಕಿನ್ ಹಾಕಿದ್ದರೆ ಕೈ ಮೊಣಕೈವರೆಗೆ ಬಿಡಿಸಿರಲಿ. ಕೈ ನೇರ ಗೆರೆಯಲ್ಲಿ ಹೋಗದೆ ಸ್ವಲ್ಪ ಮೇಲೆದ್ದು ಕಮಾನಿನಂತೆ ಹೋಗಲಿ.

ಮನೆಯ ಅಭ್ಯಾಸಕ್ಕೆ ಎದುರಾಳಿಯೂ ಬೇಡ. ಬೋರ್ಡ್ ಜೋಡಿಸಿ, ಕ್ಲಾಕ್ ಎಡಕ್ಕಿಟ್ಟು, ಗೊತ್ತಿರುವ ಒಂದು ಆಟದ ಮೊದಲ 20 ನಡೆಯನ್ನು ಎರಡೂ ಕಡೆಯಿಂದ ಆಡಿ, ಪ್ರತಿ ನಡೆಗೂ ಕ್ಲಾಕ್ ಒತ್ತಿ. ಆಮೇಲೆ ಕ್ಲಾಕ್ ಬಲಕ್ಕಿಟ್ಟು ಅದನ್ನೇ ಮತ್ತೆ ಆಡಿ. ದಿನಕ್ಕೆ 10 ನಿಮಿಷ ಸಾಕು. ಎರಡು ವಾರ ಕಳೆದ ಮೇಲೆ ಕಾಯಿ ಮನೆಯ ನಡುವೆ ಕೂರುತ್ತದೆಯೇ ನೋಡಿ. ಗೆರೆಯ ಮೇಲೆ ಕೂತ ಕುದುರೆ ಎಫ್3ರಲ್ಲಿದೆಯೋ ಜಿ3ರಲ್ಲಿದೆಯೋ ಎಂಬ ಜಗಳ ಬ್ಲಿಟ್ಜ್‌ನಲ್ಲಿ ದಿನಾ ಆಗುತ್ತದೆ.

ಕಾಯಿ ಹೊಡೆಯುವಾಗ ಒಂದು ಕೈಯಲ್ಲಿ ಎದುರಾಳಿಯ ಕಾಯಿ ತೆಗೆದು ಇನ್ನೊಂದು ಕೈಯಲ್ಲಿ ನಿಮ್ಮದನ್ನು ಇಡುವ ಚಟ ಹಲವರಿಗಿದೆ. ಎರಡು ಕೈ ಬಳಸಿ ಕ್ಲಾಕ್ ಒತ್ತಿದರೆ ದಂಡ ಬೀಳುತ್ತದೆ. ಸರಿಯಾದ ಕ್ರಮ ಹೀಗೆ: ನಿಮ್ಮ ಕಾಯಿಯನ್ನು ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಎತ್ತಿ, ಹೊಡೆಯುವ ಕಾಯಿಯನ್ನು ಅದೇ ಕೈಯ ಉಳಿದ ಬೆರಳುಗಳಲ್ಲಿ ಹಿಡಿದು, ನಿಮ್ಮದನ್ನು ಆ ಮನೆಯಲ್ಲಿಟ್ಟು, ಹಿಡಿದದ್ದನ್ನು ಕ್ಲಾಕಿನ ಕಡೆಯ ಅಂಚಿಗೆ ಬಿಡುತ್ತಾ ಕ್ಲಾಕ್ ಒತ್ತುವುದು. ಮೊದಮೊದಲು ಬೆರಳು ತೊಡರುತ್ತದೆ, 50 ಸಲ ಮಾಡಿದರೆ ಒಗ್ಗುತ್ತದೆ. ಹೊಡೆದ ಕಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ಕ್ಲಾಕ್ ಒತ್ತುವವರಿದ್ದಾರೆ. ಅದರ ಅಪಾಯ ಮುಂದೆ ಹೇಳುತ್ತೇವೆ.

ಕ್ಯಾಸ್ಲಿಂಗ್‌ಗೂ ಒಂದೇ ಕೈ, ರಾಜ ಮೊದಲು. ರಾಜನನ್ನು ಎರಡು ಮನೆ ಸರಿಸಿ, ಅದೇ ಕೈಯಿಂದ ಆನೆಯನ್ನು ಆಚೆ ದಾಟಿಸಿ. ಆನೆಯನ್ನು ಮೊದಲು ಮುಟ್ಟಿ ಆಮೇಲೆ ರಾಜನನ್ನು ಮುಟ್ಟಿದರೆ ಆ ಕಡೆಗೆ ಕ್ಯಾಸ್ಲಿಂಗ್ ಮಾಡುವ ಹಾಗಿಲ್ಲ, ಆನೆಯನ್ನೇ ನಡೆಸಬೇಕಾಗುತ್ತದೆ.

ಪಾನ್ ರಾಣಿಯಾಗುವ ಹೊತ್ತು

ಬ್ಲಿಟ್ಜ್‌ನಲ್ಲಿ ಗೆದ್ದ ಆಟ ಕೈಜಾರುವುದು ಹೆಚ್ಚಾಗಿ ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಪಾನ್ ಇ7ರಲ್ಲಿದೆ, ಕ್ಲಾಕಿನಲ್ಲಿ 6 ಸೆಕೆಂಡ್. ಇ8ಕ್ಕೆ ತಳ್ಳಿ, "ಕ್ವೀನ್" ಎಂದು ಬಾಯಲ್ಲಿ ಹೇಳಿ, ಕ್ಲಾಕ್ ಒತ್ತಿದಿರಿ. ಬೋರ್ಡಿನ ಮೇಲೆ ಪಾನ್ ಹಾಗೇ ನಿಂತಿದೆ. ಇದು ಇಲ್ಲೀಗಲ್. ಆ ಪಾನ್ ಜಾಗಕ್ಕೆ ರಾಣಿಯೇ ಬರುತ್ತದೆ ನಿಜ, ಆದರೆ ಎದುರಾಳಿಗೆ 1 ನಿಮಿಷ ಸೇರುತ್ತದೆ. ಅದೇ ಆಟದಲ್ಲಿ ಇದು ನಿಮ್ಮ ಎರಡನೇ ಇಲ್ಲೀಗಲ್ ಆಗಿದ್ದರೆ ಆಟವೇ ಹೋಯಿತು. 3 ನಿಮಿಷದ ಆಟದಲ್ಲಿ 1 ನಿಮಿಷ ದಾನ ಎಂದರೆ ಏನೆಂದು ಹೇಳಬೇಕಿಲ್ಲ.

ಮಾಡಬೇಕಾದ್ದು ಹೀಗೆ. ಪಾನ್ ಆರನೇ ಸಾಲು ಮುಟ್ಟಿದ ಕೂಡಲೇ ರಾಣಿ ಎಲ್ಲಿದೆ ನೋಡಿಕೊಳ್ಳಿ. ಈಚಿನ ಸೆಟ್‌ಗಳಲ್ಲಿ ಎರಡೆರಡು ರಾಣಿ ಬರುತ್ತವೆ. ಶುರುವಿನಲ್ಲೇ ಹೆಚ್ಚುವರಿ ರಾಣಿಯನ್ನು ಕ್ಲಾಕ್ ಪಕ್ಕ ನಿಲ್ಲಿಸಿ. ಇಲ್ಲದಿದ್ದರೆ ಹೊಡೆಸಿಕೊಂಡ ನಿಮ್ಮ ರಾಣಿ ಎದುರಾಳಿಯ ಕಡೆ ಇರುತ್ತದೆ, ಅದು ಮೇಜಿನ ಮೇಲೆ ಕಾಣುವಂತಿದೆಯೇ ನೋಡಿ. ಬಡ್ತಿಯ ನಡೆಯಲ್ಲಿ ಪಾನನ್ನು ಇ8ರಲ್ಲಿಟ್ಟು ಆಮೇಲೆ ಬದಲಿಸಲೇಬೇಕೆಂದಿಲ್ಲ. ಇ7ರ ಪಾನ್ ಎತ್ತಿ ಬೋರ್ಡಿನ ಹೊರಗಿಟ್ಟು, ಅದೇ ಕೈಯಲ್ಲಿ ರಾಣಿ ತೆಗೆದು ನೇರವಾಗಿ ಇ8ರಲ್ಲಿಟ್ಟು, ಕ್ಲಾಕ್ ಒತ್ತಬಹುದು. ಕೈಗೆ ಒಂದು ಚಲನೆ ಉಳಿಯುತ್ತದೆ. ಇದನ್ನೂ ಮನೆಯಲ್ಲಿ ಕ್ಲಾಕ್ ಹಾಕಿ ಮಾಡಿ. 3 ಸೆಕೆಂಡಿನೊಳಗೆ ಬರುವತನಕ ಬಿಡಬೇಡಿ.

ರಾಣಿ ಎಲ್ಲೂ ಕಾಣದಿದ್ದರೆ? ಕ್ಲಾಕನ್ನು ಎರಡೂ ಕಡೆ ನಿಲ್ಲುವಂತೆ ನಡುವಿನ ಗುಂಡಿ ಒತ್ತಿ, ಕೈ ಎತ್ತಿ, ರಾಣಿ ಬೇಕೆಂದು ಆರ್ಬಿಟರನ್ನು ಕೇಳಿ. ಇದಕ್ಕೆ ನಿಯಮದಲ್ಲೇ ಅವಕಾಶವಿದೆ. ಆನೆಯನ್ನು ತಲೆಕೆಳಗಾಗಿಟ್ಟು ರಾಣಿ ಎನ್ನುವ ಮನೆಯ ಪದ್ಧತಿ ಇಲ್ಲಿ ನಡೆಯದು; ತಲೆಕೆಳಗಾದ ಆನೆ ಆನೆಯೇ. 2017ರ ಕೆನಡಾ ಚಾಂಪಿಯನ್‌ಷಿಪ್ಪಿನ ಟೈಬ್ರೇಕ್‌ನಲ್ಲಿ ನಿಕೊಲಾಯ್ ನೊರಿತ್ಸಿನ್‌ಗೆ ಆದದ್ದು ಇದೇ. ಸಮಯದ ಒತ್ತಡದಲ್ಲಿ ಅವರು ಆನೆಯನ್ನು ಬೋರಲು ಹಾಕಿ ರಾಣಿ ಎಂದುಕೊಂಡರು, ಆರ್ಬಿಟರ್ ಅದನ್ನು ಆನೆ ಎಂದು ತೀರ್ಮಾನಿಸಿದರು. ಅವರ ರಾಣಿ ಆ ಹೊತ್ತಿಗೆ ಎದುರಾಳಿ ಬಾತೊರ್ ಸಾಂಬುಯೆವ್ ಕೈಯಲ್ಲಿತ್ತು. ದೇಶದ ಪಟ್ಟ ಅಲ್ಲಿಗೆ ಕೈಬಿಟ್ಟಿತು. ಹೊಡೆದ ಕಾಯಿ ಕೈಯಲ್ಲಿ ಹಿಡಿದುಕೊಳ್ಳಬೇಡಿ ಎಂದದ್ದು ಇದಕ್ಕೇ. ಬೇಕೆಂದು ಮಾಡದಿದ್ದರೂ ಎದುರು ಕೂತವರಿಗೆ ಹಾಗೆ ಕಾಣುವುದಿಲ್ಲ.

ಇಲ್ಲೀಗಲ್: ಯಾರು, ಯಾವಾಗ ಹೇಳಬೇಕು

ಚೆಕ್ ಇರುವಾಗ ನೋಡದೆ ಬೇರೆ ನಡೆ ಆಡಿ ಕ್ಲಾಕ್ ಒತ್ತುವುದು, ಪಿನ್ ಆದ (ಸರಿಸಿದರೆ ತಮ್ಮ ರಾಜನಿಗೇ ಚೆಕ್ ಬೀಳುವ) ಕಾಯಿ ಎತ್ತುವುದು, ನಡೆ ಆಡದೆಯೇ ಕ್ಲಾಕ್ ಒತ್ತುವುದು, ಎರಡು ಕೈ ಬಳಸುವುದು: ಎಲ್ಲಕ್ಕೂ ಮೊದಲ ಸಲ ಎದುರಾಳಿಗೆ 1 ನಿಮಿಷ, ಮರುಕಳಿಸಿದರೆ ಸೋಲು. ನೆನಪಿರಲಿ, ಕ್ಲಾಕ್ ಒತ್ತಿದ ಮೇಲಷ್ಟೇ ಇಲ್ಲೀಗಲ್ ಪೂರ್ತಿಯಾಗುವುದು. ಒತ್ತುವ ಮೊದಲು ಗೊತ್ತಾದರೆ ಸರಿಪಡಿಸಿಕೊಳ್ಳಬಹುದು, ಆದರೆ ಮುಟ್ಟಿದ ಕಾಯಿಗೆ ಕಾನೂನುಬದ್ಧ ನಡೆ ಇದ್ದರೆ ಅದನ್ನೇ ನಡೆಸಬೇಕು.

ಎದುರಾಳಿ ಇಲ್ಲೀಗಲ್ ಆಡಿದರೆ ನಿಮ್ಮ ನಡೆ ಆಡುವ ಮೊದಲೇ ಹೇಳಬೇಕು. ಒಬ್ಬ ಆರ್ಬಿಟರ್ ಹತ್ತಾರು ಬೋರ್ಡ್ ನೋಡಿಕೊಳ್ಳುವ ನಮ್ಮ ಟೂರ್ನಿಗಳಲ್ಲಿ ಅವರು ನೋಡಿರದಿದ್ದರೆ, ನೀವೂ ಮುಂದಿನ ನಡೆ ಆಡಿಬಿಟ್ಟಿದ್ದರೆ, ಆ ಇಲ್ಲೀಗಲ್ ಹಾಗೇ ಉಳಿಯುತ್ತದೆ. ಕ್ರಮ: ಎದುರಾಳಿಯ ರಾಜನನ್ನು ಕೈಯಿಂದ ಎತ್ತಿ ತೋರಿಸುವುದು ಬೇಡ, ಹಳೆಯ ಮನೆ ಆಟದ ಚಾಳಿ ಅದು. ಏನನ್ನೂ ಮುಟ್ಟದೆ ಕ್ಲಾಕ್ ನಿಲ್ಲಿಸಿ, ಕೈ ಎತ್ತಿ, "ಆರ್ಬಿಟರ್" ಎಂದು ಕರೆಯಿರಿ.

2017ರಲ್ಲಿ ರಿಯಾದಿನ ವಿಶ್ವ ಬ್ಲಿಟ್ಜ್‌ನ ಮೊದಲ ರೌಂಡಿನಲ್ಲೇ ಇದಕ್ಕೊಂದು ಪಾಠ ಸಿಕ್ಕಿತು. ಕಾರ್ಲ್‌ಸನ್ ಕೊಟ್ಟ ಚೆಕ್ಕನ್ನು ಬಿಡಿಸಿಕೊಳ್ಳದೆ ಎರ್ನೆಸ್ತೊ ಇನಾರ್ಕೀವ್ ತಮ್ಮ ಕುದುರೆಯಿಂದ ತಿರುಗಿ ಚೆಕ್ ಕೊಟ್ಟರು. ಕಾರ್ಲ್‌ಸನ್ ಅದನ್ನು ಇಲ್ಲೀಗಲ್ ಎಂದು ಹೇಳದೆ ರಾಜನನ್ನು ಸರಿಸಿಬಿಟ್ಟರು. ಆಗ ಇನಾರ್ಕೀವ್ ಕ್ಲಾಕ್ ನಿಲ್ಲಿಸಿ, ತಮ್ಮ ರಾಜ ಇನ್ನೂ ಚೆಕ್‌ನಲ್ಲಿರುವುದರಿಂದ ಕಾರ್ಲ್‌ಸನ್ ಆಡಿದ್ದೇ ಇಲ್ಲೀಗಲ್ ಎಂದು ವಾದಿಸಿದರು. ಮೊದಲು ಅವರಿಗೇ ಗೆಲುವು ಕೊಟ್ಟರು. ಆಮೇಲೆ ಮುಖ್ಯ ಆರ್ಬಿಟರ್ ಆಟ ಮುಂದುವರಿಸಿ ಎಂದಾಗ ಇನಾರ್ಕೀವ್ ಒಪ್ಪಲಿಲ್ಲ, ಅಂಕ ಕಾರ್ಲ್‌ಸನ್‌ಗೆ ಹೋಯಿತು. ಆಗಿನ ವಿಶ್ವ ಚಾಂಪಿಯನ್ನೇ ಚೆಕ್ ಕಂಡ ಕೂಡಲೇ ಅಭ್ಯಾಸಬಲದಿಂದ ರಾಜನನ್ನು ಸರಿಸಿದರೆಂದ ಮೇಲೆ ನಾವು ಎಚ್ಚರವಾಗಿರುವುದು ಒಳ್ಳೆಯದು. ಎದುರಾಳಿಯ ಪ್ರತಿ ನಡೆಯ ಬಳಿಕ ಅರ್ಧ ಸೆಕೆಂಡಿನ ಎರಡು ನೋಟ ಬೇಕು: ಅವರ ರಾಜ ಚೆಕ್‌ನಲ್ಲಿ ಉಳಿದಿದ್ದಾನೆಯೇ, ನಮ್ಮ ರಾಜನಿಗೆ ಚೆಕ್ ಬಂದಿದೆಯೇ. ಬ್ಲಿಟ್ಜ್‌ನಲ್ಲಿ ಬಾಯಲ್ಲಿ "ಚೆಕ್" ಹೇಳಬೇಕೆಂಬ ನಿಯಮ ಇಲ್ಲ, ಯಾರೂ ಹೇಳುವುದಿಲ್ಲ.

ಶುರುವಿನ ತಪ್ಪುಗಳಿಗೆ ಗಡುವು ಬೇರೆ. ರಾಜ ರಾಣಿ ಅದಲುಬದಲಾಗಿ ನಿಂತಿದ್ದರೆ, ಕ್ಲಾಕ್ ಸೆಟ್ಟಿಂಗ್ ತಪ್ಪಿದ್ದರೆ, ಇಬ್ಬರೂ 10 ನಡೆ ಮುಗಿಸುವ ಮೊದಲು ಹೇಳಬೇಕು. ಆಮೇಲೆ ತಪ್ಪು ಸ್ಥಾನವೇ ಸರಿ, ತಪ್ಪು ಕ್ಲಾಕೇ ಸರಿ. ಕ್ಲಾಕ್ ಪರೀಕ್ಷೆಗೆ ಒಂದು ಸುಲಭ ಉಪಾಯ: ಮೊದಲ ನಡೆಯನ್ನು 1 ಸೆಕೆಂಡಿನಲ್ಲಿ ಆಡಿ ಒತ್ತಿ. 3:02 ಇದ್ದದ್ದು 3:03ಕ್ಕೆ ಏರಿದರೆ ಇನ್‌ಕ್ರಿಮೆಂಟ್ ಸರಿಯಿದೆ. ಎಷ್ಟು ಬೇಗ ಆಡಿದರೂ ಏರದೆ ಇದ್ದಲ್ಲೇ ಇದ್ದರೆ ಯಾರೋ ಡಿಲೇ ಮೋಡಿಗೆ (ಉಳಿಸಿದ ಸೆಕೆಂಡ್ ಕೂಡದ ಸೆಟ್ಟಿಂಗಿಗೆ) ಹಾಕಿದ್ದಾರೆ, ಆರ್ಬಿಟರನ್ನು ಕರೆಯಿರಿ.

ಫ್ಲ್ಯಾಗ್, ಡ್ರಾ

ಎದುರಾಳಿಯ ಸಮಯ ಮುಗಿದದ್ದು ಕಂಡರೆ ಕ್ಲಾಕ್ ನಿಲ್ಲಿಸಿ ಹೇಳಿ. ನಿಮ್ಮ ಬಳಿ ಬರೀ ರಾಜ ಉಳಿದಿದ್ದರೆ ಅದು ಡ್ರಾ. ಯಾವ ದಾರಿಯಲ್ಲೂ ಮೇಟ್ ಆಗದಿದ್ದರೆ ಸಮಯ ಮುಗಿದರೂ ಗೆಲುವಿಲ್ಲ. ಆದರೆ "ಮೇಟ್ ಸಾಧ್ಯವೇ" ಎಂಬ ಅಳತೆ ಬಲು ಸಡಿಲ. ನಿಮ್ಮಲ್ಲಿ ರಾಜ ಮತ್ತು ಕುದುರೆ, ಅವರಲ್ಲಿ ರಾಜ ಮತ್ತು ಒಂದು ಪಾನ್ ಇದ್ದು ಅವರ ಫ್ಲ್ಯಾಗ್ ಬಿದ್ದರೆ ಗೆಲುವು ನಿಮ್ಮದು, ಏಕೆಂದರೆ ಅವರ ಪಾನೇ ಅವರ ರಾಜನ ದಾರಿ ಕಟ್ಟುವಂಥ ಮೇಟ್ ಕಾಗದದ ಮೇಲೆ ಸಾಧ್ಯ. ಪಾನ್ ಇಲ್ಲದೆ ಬರೀ ರಾಜ ಇದ್ದರೆ ಡ್ರಾ.

ಮೂರು ಸಲ ಅದೇ ಸ್ಥಾನ ಬಂದರೆ, 50 ನಡೆ ಪಾನ್ ಸರಿಯದೆ ಕಾಯಿ ಹೊಡೆಯದೆ ಹೋದರೆ ಡ್ರಾ ಕೇಳಬಹುದು. ಬ್ಲಿಟ್ಜ್‌ನಲ್ಲಿ ನಡೆ ಬರೆದುಕೊಳ್ಳುವುದಿಲ್ಲ, ಹಾಗಾಗಿ ಸಾಕ್ಷಿ ಇಲ್ಲದೆ ಕೇಳಿದರೆ ಆರ್ಬಿಟರ್ ಕೈಚೆಲ್ಲುತ್ತಾರೆ. ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಒಂದಿದೆ: ಆಟದ ಯಾವ ಹಂತದಲ್ಲಾದರೂ ನಡೆ ಬರೆಯಲು ಶೀಟ್ ಕೊಡಿ ಎಂದು ಆರ್ಬಿಟರನ್ನು ಕೇಳುವ ಹಕ್ಕು ನಿಮಗಿದೆ. ಆನೆ-ಒಂಟೆ ವಿರುದ್ಧ ಆನೆಯಂಥ ಎಂಡ್‌ಗೇಮಿನಲ್ಲಿ ಎದುರಾಳಿ ಸುಮ್ಮನೆ ಸುತ್ತುತ್ತಿದ್ದರೆ ಅಲ್ಲಿಂದ ಬರೆಯಲು ಶುರು ಮಾಡಿ. 2 ಸೆಕೆಂಡಿನಲ್ಲಿ ಆಡಿ ಬರೆಯುವುದು ಕಷ್ಟವೇ, ಆದರೆ ಶೀಟ್ ಕೇಳಿದ ನೆವದಲ್ಲಿ ಆರ್ಬಿಟರ್ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಅದೇ ಅರ್ಧ ಕೆಲಸ.

ಗೆಳೆಯರ ನಡುವೆ ಮೊದಲೇ ಮಾತಾಡಿಕೊಂಡ ಡ್ರಾ ಬೇಡ. 2023ರ ಸಮರ್‌ಕಂದ್ ವಿಶ್ವ ಬ್ಲಿಟ್ಜ್‌ನಲ್ಲಿ ದುಬೊವ್ ಮತ್ತು ನೆಪೊಮ್ನಿಯಾಚಿ ಕುದುರೆಗಳನ್ನು ಕುಣಿಸಿ ಕುಣಿಸಿ ಡ್ರಾ ಮಾಡಿಕೊಂಡಾಗ ಇಬ್ಬರಿಗೂ ಸೊನ್ನೆ ಹಾಕಿದರು.

ಇನ್‌ಕ್ರಿಮೆಂಟಿನ ಮೇಲೆ ಬದುಕುವುದು

10 ಸೆಕೆಂಡಿನ ಕೆಳಗೆ ಇಳಿದ ಮೇಲೆ ಆಟದ ಸ್ವಭಾವವೇ ಬದಲಾಗುತ್ತದೆ. ಪ್ರತಿ ನಡೆಗೂ 2 ಸೆಕೆಂಡ್ ಬರುತ್ತದೆ, ಕೈಯ ಚಲನೆಗೇ ಸುಮಾರು 1 ಸೆಕೆಂಡ್ ಹೋಗುತ್ತದೆ, ಯೋಚನೆಗೆ ಉಳಿಯುವುದು ಇನ್ನೊಂದು. ಹಾಗಾಗಿ ಆ ಹಂತಕ್ಕೆ ಯೋಚನೆ ಬೇಡದ ಸರಕು ಬೇಕು. ನಾವು ಒತ್ತಾಯಿಸುವುದು ನಾಲ್ಕು: ರಾಣಿಯಿಂದ ಮೇಟ್, ಆನೆಯಿಂದ ಮೇಟ್, ರಾಜ-ಪಾನ್ ಎಂಡ್‌ಗೇಮಿನಲ್ಲಿ ಎದುರುಬದುರು ನಿಲ್ಲುವ ಲೆಕ್ಕ, ಲುಸೇನಾ ಸ್ಥಾನ (ಆನೆ-ಪಾನ್ ವಿರುದ್ಧ ಆನೆಯ ಎಂಡ್‌ಗೇಮಿನಲ್ಲಿ ಗೆಲ್ಲುವ ಸ್ಥಾನ). ಒಂಟೆ-ಕುದುರೆ ಮೇಟ್‌ಗೆ ಸರಿಯಾಗಿ ಆಡಿದರೂ 33 ನಡೆವರೆಗೆ ಬೇಕಾಗಬಹುದು. ಅದನ್ನು ಕಲಿಯುವ ಹೊತ್ತಿನಲ್ಲಿ ಆನೆ ಎಂಡ್‌ಗೇಮ್ ಕಲಿತರೆ ಹತ್ತು ಪಟ್ಟು ಲಾಭ.

ಆನೆಯಿಂದ ಮೇಟ್‌ಗೆ ಹೆಚ್ಚೆಂದರೆ 16 ನಡೆ. ಕ್ಲಾಕನ್ನು 10 ಸೆಕೆಂಡ್ + 2ಕ್ಕೆ ಇಟ್ಟು ಗೆಳೆಯನ ಎದುರು ಆಡಿ. 25 ನಡೆ ಹಿಡಿದರೂ ಸಿಗುವುದು 60 ಸೆಕೆಂಡ್, ಅಂದರೆ ನಡೆಗೆ 2.4. ರಾಣಿಯಿಂದ ಮೇಟ್ ಮಾಡುವಾಗ ಭಯ, ಚೆಕ್ ಇಲ್ಲದೆ ನಡೆಯೂ ಉಳಿಯದೆ ಡ್ರಾ ಆಗುವ ಸ್ಟೇಲ್‌ಮೇಟಿನದು: ಎದುರಾಳಿಯ ರಾಜ ಮೂಲೆಗೆ ಹೋದ ಮೇಲೆ ರಾಣಿಯನ್ನು ಅಲ್ಲೇ ನಿಲ್ಲಿಸಿ ನಿಮ್ಮ ರಾಜನನ್ನು ನಡೆಸಿ ತನ್ನಿ, ಅವನಿಗೆ ಸುಳಿದಾಡಲು ಎರಡು ಮನೆ ಇದೆಯೇ ಎಂದಷ್ಟೇ ನೋಡಿ.

ಲುಸೇನಾವನ್ನು ಕಣ್ಣು ಮುಚ್ಚಿ ಆಡುವಷ್ಟು ಮಾಡಿ. ಬಿಳಿ ರಾಜ ಜಿ8, ಪಾನ್ ಜಿ7, ಆನೆ ಎಫ್1. ಕಪ್ಪು ರಾಜ ಇ7, ಆನೆ ಎಚ್2. ಬಿಳಿ ನಡೆ. ಆನೆ ಇ1ಕ್ಕೆ ಬಂದು ಚೆಕ್, ಕಪ್ಪು ರಾಜ ಡಿ7ಕ್ಕೆ. ಈಗ ಆನೆ ಇ4ಕ್ಕೆ. ಇದೇ ಕೀಲಿ ನಡೆ. ಕಪ್ಪು ಆನೆ ಎಚ್1ಕ್ಕೆ ಸರಿದು ಕಾಯುತ್ತದೆ. ರಾಜ ಎಫ್7, ಎಫ್1ರಿಂದ ಚೆಕ್. ರಾಜ ಜಿ6, ಜಿ1ರಿಂದ ಚೆಕ್. ರಾಜ ಎಫ್6, ಮತ್ತೆ ಎಫ್1ರಿಂದ ಚೆಕ್. ರಾಜ ಜಿ5, ಜಿ1ರಿಂದ ಚೆಕ್. ಆನೆ ಜಿ4ಕ್ಕೆ ಬಂದು ಅಡ್ಡ ನಿಂತಿತು, ಇನ್ನು ಚೆಕ್ ಇಲ್ಲ, ಪಾನ್ ರಾಣಿಯಾಗುತ್ತದೆ. ಒಟ್ಟು 7 ನಡೆ, ಯೋಚಿಸದೆ ಆಡಿದರೆ ಮುಗಿಯುವಾಗ ಕ್ಲಾಕಿನಲ್ಲಿ ಶುರುವಿಗಿಂತ ಹೆಚ್ಚು ಸೆಕೆಂಡ್ ಇರುತ್ತದೆ.

ಸಮಯದ ಒತ್ತಡದಲ್ಲಿ ಎಲ್ಲಿ ಆಡುವುದು ಗೊತ್ತಾಗದಿದ್ದರೆ ಚೆಕ್ ಕೊಟ್ಟು ಸೆಕೆಂಡ್ ಕೂಡಿಸುವ ಉಪಾಯ ಎಲ್ಲರಿಗೂ ಗೊತ್ತು. ಅದು ಎರಡು ಅಲಗಿನ ಕತ್ತಿ. ಬೇಕಾಬಿಟ್ಟಿ ಚೆಕ್ ಕೊಡುತ್ತಾ ಎದುರಾಳಿಯ ರಾಜನನ್ನು ನಡುವಿಗೆ ತಂದು ಕೂರಿಸಿ ಸೋತವರು ಬಹಳ. ಚೆಕ್ಕಿಗಿಂತ ರಾಜನನ್ನು ಸುರಕ್ಷಿತ ಮನೆಗೆ ಸರಿಸುವುದು, ಪಾನಿಗೆ ಪಾನಿನ ಆಸರೆ ಕೊಡುವುದು ಒಳ್ಳೆಯ "ಕಾಯುವ" ನಡೆಗಳು.

ಮಳೆ, ಕರೆಂಟು, ಫ್ಲೆಕ್ಸ್ ಬೋರ್ಡು

ಇನ್ನು ಊರಿನ ವಿಷಯ. ಮಳೆಗಾಲದಲ್ಲಿ ತಗಡಿನ ಮಾಡಿನ ಹಾಲ್ ಸಿಕ್ಕಿತೆಂದರೆ ಆರ್ಬಿಟರ್ ಮೈಕಿನಲ್ಲಿ ಕೂಗಿದರೂ ಕೇಳುವುದಿಲ್ಲ. ಕರೆಯುವಾಗ ಬಾಯಿಯನ್ನು ನಂಬದೆ ಕೈ ಮೇಲೆತ್ತಿ. ಕೊಡೆ ಮಡಚಿದ ಒದ್ದೆ ಕೈಯಲ್ಲಿ ಕಾಯಿ ಜಾರುತ್ತದೆ, ಚಿಕ್ಕ ಟವೆಲ್ ಜೇಬಿನಲ್ಲಿರಲಿ. ರೌಂಡುಗಳ ನಡುವೆ ಮಂಡಕ್ಕಿ ತಿನ್ನುವ ಸುಖ ಯಾರಿಗೂ ಬೇಡ ಎನ್ನುವುದಿಲ್ಲ, ಎಣ್ಣೆ ಕೈ ತೊಳೆದು ಬನ್ನಿ. ಎಣ್ಣೆ ಹತ್ತಿದ ಕಾಯಿ ಮುಂದಿನ ರೌಂಡಿನಲ್ಲಿ ನಿಮಗೇ ಸಿಗಬಹುದು.

ಸುತ್ತಿಟ್ಟ ಫ್ಲೆಕ್ಸ್ ಬೋರ್ಡು ಥಂಡಿಗೆ ಅಂಚು ಎದ್ದು ನಿಲ್ಲುತ್ತದೆ, ಮೂಲೆಯ ಆನೆ ವಾಲುತ್ತದೆ, ಫ್ಯಾನ್ ಗಾಳಿಗೆ ಬೋರ್ಡೇ ತಿರುಗುತ್ತದೆ. ಕೂತ ಕೂಡಲೇ ಬೋರ್ಡನ್ನು ಒಮ್ಮೆ ಹಿಮ್ಮುಖವಾಗಿ ಸುತ್ತಿ ಬಿಡಿಸಿ, ಅಂಚು ಮಲಗುತ್ತದೆ. ಸಂಘಟಕರು ಹಿಂದಿನ ರಾತ್ರಿಯೇ ಹಾಸಿ ಮೇಲೆ ಭಾರ ಇಟ್ಟಿದ್ದರೆ ಈ ರಗಳೆ ಇರುವುದಿಲ್ಲ. ಮರದ ಬೋರ್ಡು ಆಗುಂಬೆ ಕಡೆಯ ಮಳೆಗೆ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಾಯಿಗಳ ಅಡಿಯ ಬಟ್ಟೆ ಬಿಟ್ಟುಕೊಂಡರೆ ಅವು ಕೂರುವ ಬದಲು ಜಾರುತ್ತವೆ.

ಕರೆಂಟ್ ಹೋದರೆ ಬೋರ್ಡು ಕಾಣುವುದಿಲ್ಲ, ಸೆಲ್ ಮೇಲೆ ಓಡುವ ಕ್ಲಾಕ್ ನಿಲ್ಲುವುದಿಲ್ಲ. ಗಾಬರಿಯಲ್ಲಿ ಕಾಯಿ ಮುಟ್ಟದೆ ಕ್ಲಾಕ್ ನಿಲ್ಲಿಸಿ ಆರ್ಬಿಟರನ್ನು ಕರೆಯಿರಿ. ಫೋನ್ ಟಾರ್ಚ್ ಹಾಕಲು ಜೇಬಿಗೆ ಕೈ ಹಾಕಬೇಡಿ. ಆಟದ ಹೊತ್ತಿನಲ್ಲಿ ಫೋನ್ ಹತ್ತಿರ ಇಟ್ಟುಕೊಂಡದ್ದು ಗೊತ್ತಾದರೆ ಆಟ ಹೋಗುತ್ತದೆ. ಫೋನ್ ಮನೆಯವರ ಬಳಿಯೋ ಚೀಲದಲ್ಲೋ, ಸ್ವಿಚ್ ಆಫ್ ಆಗಿ, ಆರ್ಬಿಟರ್ ಹೇಳಿದ ಜಾಗದಲ್ಲಿರಲಿ.

ಸಂಘಟಕರಿಗೂ ಒಂದೆರಡು ಮಾತು. 3+2ರಲ್ಲಿ 100 ನಡೆಯ ಆಟ ಬಂದರೂ ಒಬ್ಬರಿಗೆ 380 ಸೆಕೆಂಡ್, ಇಬ್ಬರಿಗೆ ಸೇರಿ 12 ನಿಮಿಷ 40 ಸೆಕೆಂಡ್. ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂದು ಜೋಡಿಸುವುದು), ಕೂರುವುದು, ಫಲಿತಾಂಶ ಬರೆಯುವುದು ಸೇರಿ ರೌಂಡಿಗೆ 20 ನಿಮಿಷ ಇಟ್ಟುಕೊಂಡರೆ 9 ರೌಂಡಿಗೆ 3 ಗಂಟೆ. ತೀರ್ಥಹಳ್ಳಿಯಿಂದ 60 ಕಿಲೋಮೀಟರಿನಷ್ಟು ದಾರಿ, ಸಾಗರದಿಂದ ಇನ್ನೂ ಸ್ವಲ್ಪ ಹೆಚ್ಚು. ಮಳೆಯಲ್ಲಿ ಬಸ್ ತಡವಾಗುತ್ತದೆ, ಹಾಗಾಗಿ 10 ಗಂಟೆಗೆ ಮೊದಲು ಮೊದಲ ರೌಂಡ್ ಇಡಬೇಡಿ. 64 ಮಂದಿಗೆ 32 ಕ್ಲಾಕ್ ಸಾಲದು. ಸೆಲ್ ಮುಗಿದವಕ್ಕೆ ಬದಲಿಯಾಗಿ ಇನ್ನೂ 3–4 ಇರಲಿ. ಒಂದೇ ಕಂಪನಿಯ, ಒಂದೇ ಮಾದರಿಯ ಕ್ಲಾಕ್ ಸಿಕ್ಕರೆ ಸೆಟ್ ಮಾಡುವಾಗ ತಪ್ಪು ಅರ್ಧಕ್ಕರ್ಧ ಕಡಿಮೆ. ಪ್ರತಿ ಬಣ್ಣದ ಹೆಚ್ಚುವರಿ ರಾಣಿಗಳನ್ನು ಆರ್ಬಿಟರ್ ಜೇಬಿನಲ್ಲಿಟ್ಟುಕೊಂಡೇ ತಿರುಗಲಿ.

ರೌಂಡುಗಳ ನಡುವೆ

ಆಟ ಮುಗಿದ ಮೇಲೆ ಕೈಕುಲುಕಿ, ಕ್ಲಾಕ್ ನಿಲ್ಲಿಸಿ, ಕಾಯಿಗಳನ್ನು ಮೊದಲಿನಂತೆ ಜೋಡಿಸಿ. ಫಲಿತಾಂಶದ ಚೀಟಿಯಲ್ಲಿ ಬೋರ್ಡ್ ನಂಬರ್ ಮತ್ತು ಬಣ್ಣ ಸರಿಯಿದೆಯೇ ನೋಡಿ ಸಹಿ ಹಾಕಿ. 1–0, 0–1 ಅದಲುಬದಲಾದರೆ ಮುಂದಿನ ಪೇರಿಂಗ್ ಬಂದ ಮೇಲೆ ತಿದ್ದುವುದು ಎಲ್ಲರಿಗೂ ತಲೆನೋವು. ಸೋತ ಆಟವನ್ನು ಅಲ್ಲೇ ಬಿಡಿಸಿ ನೋಡುವುದಕ್ಕೆ ಬ್ಲಿಟ್ಜ್‌ನಲ್ಲಿ ಹೊತ್ತಿಲ್ಲ, ಆರ್ಬಿಟರ್ ಓಡಿಸುತ್ತಾರೆ. ಹೊರಗೆ ಬಂದು ಒಂದು ಲೋಟ ಮಜ್ಜಿಗೆಯೋ ನೀರೋ ಕುಡಿಯಿರಿ. ಮುಂದಿನ ಪೇರಿಂಗ್ ಅಂಟಿಸಿದಾಗ ಹೆಸರಿನ ಜೊತೆ ಬಣ್ಣವನ್ನೂ ನೋಡಿಕೊಂಡು ಹೋಗಿ. ಬಿಳಿಯಾದರೆ ಕ್ಲಾಕ್ ಎಡಕ್ಕೆ ಬರುತ್ತದೆ, ಬೋರ್ಡಿಗೆ ಹೋಗುವ ಮುಂಚೆಯೇ ತೋಳು ಮಡಚಿಕೊಳ್ಳಿ.